ಎಣ್ಣೆ ಕುಡಿಯುವ ಕಾರಿಗೆ ಮದ್ದೇನು?

ಬಂಗಾರಪೇಟೆಯಿಂದ ವಿದ್ಯಾರ್ಥಿನಿಯೊಬ್ಬಳು ಕಾಗದ ಬರೆದಿದ್ದಳು. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗಿ. ಅವಳ ಅಜ್ಜ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ಹಣದಲ್ಲಿ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದರಂತೆ, ಮಾರ್ಕ್ 2. ಅಜ್ಜ ಈಗಿಲ್ಲ, ಕಾರು ಇದೆ. ಹಬ್ಬಕ್ಕೆ, ಮದುವೆಗೆ, ವರ್ಷಕ್ಕೊಮ್ಮೆ ತಿರುಪತಿಗೆ ಮನೆಯವರೆಲ್ಲ ಹೋಗುವುದು ಅದರಲ್ಲೇ.

ಕಾಗದದ ಮುಖ್ಯ ಭಾಗ ಹೀಗಿತ್ತು. ಕಾರು ಈಚೆಗೆ ವಿಪರೀತ ಎಣ್ಣೆ ಕುಡಿಯುತ್ತಿದೆ, ಹಿಂದಿನಿಂದ ನೀಲಿ ಹೊಗೆ ಬರುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, “ರಿಂಗ್ ಹೋಗಿದೆ ಸಾರ್. ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು” ಎಂದರು. ಅವರು ಹೇಳಿದ ಖರ್ಚು ಅವಳ ಮುಂದಿನ ವರ್ಷದ ಫೀಸು ಮತ್ತು ಹಾಸ್ಟೆಲ್ ಖರ್ಚಿಗೆ ಸರಿಸಮವಾಗಿತ್ತು. ಫೀಸು ಕಟ್ಟದೆ ಇರಲಾಗುವುದಿಲ್ಲ. ಆದ್ದರಿಂದ ಕಾರನ್ನು ಗುಜರಿಗೆ ಹಾಕಿಬಿಡೋಣ ಎಂದು ಅಪ್ಪ ನಿರ್ಧರಿಸಿದ್ದಾರೆ. “ಇಂಜಿನ್ ಬಿಚ್ಚದೆ ಅದರ ಕಾಯಿಲೆ ಯಾವುದೆಂದು ಖಚಿತವಾಗಿ ಗುರುತಿಸುವ ದಾರಿ ಇಲ್ಲವೇ?” ಎಂಬುದು ಅವಳ ಪ್ರಶ್ನೆ.

ಇದೆ. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಒಂದು ನೋಟ್‌ಬುಕ್ಕು, ಹಳೆಯ ದಿನಪತ್ರಿಕೆ, ಪ್ಲಗ್ಗು ಬಿಚ್ಚುವ ಸ್ಪ್ಯಾನರು, ಎರವಲು ತಂದ ಒಂದು ಮಾಪಕ ಮತ್ತು ಒಂದು ತಿಂಗಳ ತಾಳ್ಮೆ ಸಾಕು. ಹಾಗೆಂದು ಉತ್ತರ ಬರೆದೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನೇ ಬಂಗಾರಪೇಟೆಗೆ ಹೋದೆ. ಅಲ್ಲಿ ನಡೆದದ್ದನ್ನು ಎಲ್ಲ ಓದುಗರ ಮುಂದಿಡುತ್ತಿದ್ದೇನೆ. ಮನೆಯಲ್ಲಿ ಹಳೆಯ ಕಾರೋ ಸ್ಕೂಟರೋ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಇಲ್ಲದವರಿಗೆ, ಕಣ್ಣಿಗೆ ಕಾಣದ್ದನ್ನು ತರ್ಕದಿಂದ ಹಿಡಿಯುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆಯಾದೀತು.

ಮೂರು ಕಳ್ಳದಾರಿಗಳು

ಅಂಬಾಸಿಡರ್ ನಮ್ಮ ದೇಶದ ರಸ್ತೆಗಿಳಿದದ್ದು 1950ರ ದಶಕದ ಕೊನೆಯಲ್ಲಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಅದು ತಯಾರಾಯಿತು. ಕಲ್ಕತ್ತೆಯ ಬಳಿಯ ಉತ್ತರಪಾರದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಮಾರ್ಕ್ 2ರ ಹೊಟ್ಟೆಯಲ್ಲಿರುವುದು 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಗಟ್ಟಿಮುಟ್ಟಾದ, ಸರಳವಾದ, ಬಿಚ್ಚಿ ಜೋಡಿಸಲು ಸುಲಭವಾದ ಯಂತ್ರ. ವಿದ್ಯಾರ್ಥಿಗಳಿಗೆ ಇಂಜಿನ್ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಉಪಾಧ್ಯಾಯ ಸಿಗುವುದು ಕಷ್ಟ.

ಇಂಜಿನ್ನಿನ ಎಣ್ಣೆ ಇರಬೇಕಾದದ್ದು ಕೆಳಗಿನ ಚೇಂಬರಿನಲ್ಲಿ. ಪಂಪು ಅದನ್ನು ಮೇಲೆತ್ತಿ ಬೇರಿಂಗುಗಳಿಗೆ, ಮೇಲ್ಗಡೆಯ ವಾಲ್ವುಗಳ ತನಕ ಕಳಿಸುತ್ತದೆ. ಅದು ಮತ್ತೆ ಕೆಳಗಿಳಿದು ಬರುತ್ತದೆ. ಪೆಟ್ರೋಲ್ ಉರಿಯುವ ಕೋಣೆಯೊಳಗೆ ಎಣ್ಣೆಗೆ ಪ್ರವೇಶವಿಲ್ಲ. ಸಿಲಿಂಡರಿನ ಗೋಡೆಗೆ ತೆಳುವಾಗಿ ಸವರಿದ ಅಂಶ ಮಾತ್ರ ಅಷ್ಟಿಷ್ಟು ಉರಿದು ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಹೆಚ್ಚು ಎಣ್ಣೆ ಉರಿಯುತ್ತಿದೆ ಎಂದರೆ ಅದು ಮೂರು ಕಳ್ಳದಾರಿಗಳಲ್ಲಿ ಒಂದರಿಂದ ಒಳನುಗ್ಗಿರಬೇಕು.

ಮೊದಲನೆಯದು ಕೆಳಗಿನ ದಾರಿ. ಪಿಸ್ಟನ್ನಿಗೆ ತೊಡಿಸಿದ ರಿಂಗುಗಳಲ್ಲಿ ಮೇಲಿನವು ಅನಿಲದ ಒತ್ತಡವನ್ನು ತಡೆಯುತ್ತವೆ. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಮೇಲಿನ ಎಣ್ಣೆಯನ್ನು ಕೆರೆದು ಕೆಳಗೆ ಕಳಿಸುತ್ತದೆ. ರಿಂಗೋ ಬೋರೋ ಸವೆದರೆ ಎಣ್ಣೆ ಪಿಸ್ಟನ್ನಿನ ಪಕ್ಕದಿಂದ ಮೇಲೇರುತ್ತದೆ.

ಎರಡನೆಯದು ಮೇಲಿನ ದಾರಿ. ವಾಲ್ವಿನ ಕಾಂಡ ಓಡಾಡುವ ಗೈಡು ಸವೆದರೆ, ಅಥವಾ ಕಾಂಡಕ್ಕೆ ತೊಡಿಸಿದ ಪುಟ್ಟ ರಬ್ಬರ್ ಸೀಲು ಶಾಖಕ್ಕೆ ಒಣಗಿ ಗಟ್ಟಿಯಾದರೆ, ಟ್ಯಾಪೆಟ್ ಕವರಿನ ಒಳಗಿರುವ ಎಣ್ಣೆ ಕಾಂಡದ ಗುಂಟ ಕೆಳಗೆ ಜಾರುತ್ತದೆ.

ಮೂರನೆಯದು ಪಕ್ಕದ ದಾರಿ. ಇಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಅನಿಲ ಹೊರಹೋಗಲು ಉಸಿರುಗೊಳವೆ ಇರುತ್ತದೆ, ಗ್ಯಾರೇಜಿನವರು ಬ್ರೀದರ್ ಎನ್ನುತ್ತಾರೆ. ಅದು ಕಟ್ಟಿಕೊಂಡರೆ ಎಣ್ಣೆಯ ಮಂಜು ಬೇರೆ ದಾರಿ ಹುಡುಕಿ ಏರ್ ಕ್ಲೀನರಿನ ಮೂಲಕ ಕಾರ್ಬುರೇಟರಿಗೆ ನುಗ್ಗುತ್ತದೆ.

ಕೆಳಗಿನ ದಾರಿಯ ರಿಪೇರಿಗೆ ಇಂಜಿನ್ ಇಳಿಸಬೇಕು. ಮೇಲಿನದಕ್ಕೆ ಅದರ ಸಣ್ಣ ಪಾಲು ಸಾಕು. ಪಕ್ಕದ್ದಕ್ಕೆ ಸೀಮೆಎಣ್ಣೆ ಮತ್ತು ಒಂದು ತಂತಿ ಸಾಕು. ಆದ್ದರಿಂದ ಕಳ್ಳ ಯಾವ ಬಾಗಿಲಿನಿಂದ ಬಂದ ಎಂದು ತಿಳಿಯದೆ ಮನೆಯ ಗೋಡೆ ಒಡೆಯಬಾರದು.

ಮೊದಲು ಅಳತೆ, ಆಮೇಲೆ ಮಾತು

ನಾನು ಹುಡುಗಿಗೆ ಕೊಟ್ಟ ಮೊದಲ ಮನೆಪಾಠ ಅಳತೆಯದು. “ತುಂಬಾ ಕುಡಿಯುತ್ತದೆ” ಎಂಬುದು ದೂರು, ಅಳತೆಯಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ಸರಿಯಾಗಿ ಎಣ್ಣೆ ತುಂಬಬೇಕು. ಕಿಲೋಮೀಟರ್ ಬರೆದುಕೊಳ್ಳಬೇಕು. ಮುಂದೆ ಹಾಕಿದ ಪ್ರತಿ ಹನಿಯನ್ನೂ ಅಳೆದೇ ಹಾಕಬೇಕು.

ಇಲ್ಲೇ ಮೊದಲ ತಪ್ಪು ಸಿಕ್ಕಿತು. ಎಣ್ಣೆ ಕಡಿಮೆಯಾಗುತ್ತದೆಂಬ ಭಯಕ್ಕೆ ಅಪ್ಪ ಪ್ರತಿ ಸಲವೂ ಗೆರೆಗಿಂತ ಮೇಲಕ್ಕೆ ತುಂಬಿಸುತ್ತಿದ್ದರು. ಎಣ್ಣೆಯ ಮಟ್ಟ ಮೇಲೇರಿದರೆ ತಿರುಗುವ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ಗೋಡೆಗೆ ಎರಚುತ್ತದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ಸುಡುತ್ತದೆ. ಮಕ್ಕಳಿಗೆ ಬಲವಂತವಾಗಿ ಉಣ್ಣಿಸುವ ತಾಯಂದಿರು ಈ ಮಾತನ್ನು ಬೇಕಾದರೆ ಬೇರೆ ಅರ್ಥದಲ್ಲೂ ಓದಿಕೊಳ್ಳಬಹುದು!

ಎರಡನೆಯ ಪ್ರಶ್ನೆ: ಎಣ್ಣೆ ಉರಿಯುತ್ತಿದೆಯೋ ಸೋರುತ್ತಿದೆಯೋ? ಕಾರಿನ ಕೆಳಗೆ ರಾತ್ರಿ ದಿನಪತ್ರಿಕೆ ಹಾಸಿ ಬೆಳಿಗ್ಗೆ ನೋಡಬೇಕು. (ಓದಿ ಮುಗಿಸಿದ ಮೇಲೆ ಈ ಪುರವಣಿಯನ್ನೂ ಹಾಸಬಹುದು.) ಈ ಜಾತಿಯ ಹಳೆಯ ಇಂಜಿನ್ನುಗಳ ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ. ತಿರುಗುವಾಗ ಎಣ್ಣೆಯನ್ನು ಹಿಂದಕ್ಕೆ ತಳ್ಳುವ ತಿರುಪಿನಂಥ ಗೀರು ಮಾತ್ರ ಇರುತ್ತದೆ. ಹಾಗಾಗಿ ನಾಲ್ಕಾರು ಹನಿ ಬೀಳುವುದು ಈ ಕಾರಿನ ಹುಟ್ಟುಗುಣ. ಆದರೆ ಕೆಲವು ಸೋರಿಕೆ ಕಾರು ಓಡುವಾಗ ಮಾತ್ರ ಆಗುತ್ತದೆ. ಅದಕ್ಕೆ ಇಂಜಿನ್ನಿನ ಹೊರಮೈ ಒರೆಸಿ ಶುಚಿ ಮಾಡಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಎಲ್ಲಿ ಹಸಿಯಾಗಿದೆ ಎಂದು ನೋಡಬೇಕು. ಹುಡುಗಿಯ ಪತ್ರಿಕೆಯ ಮೇಲೆ ಒಂದು ರಾತ್ರಿಗೆ ಬಿದ್ದದ್ದು ಐದು ಹನಿ. ಸೋರಿಕೆ ಇದೆ, ಆದರೆ ಅಸಲು ಕಳ್ಳ ಅದಲ್ಲ.

ತಿಂಗಳ ಕೊನೆಗೆ ಅವಳ ನೋಟ್‌ಬುಕ್ಕಿನಲ್ಲಿದ್ದ ಅಂಕಿ: 400 ಕಿಲೋಮೀಟರಿಗೆ ಒಂದು ಲೀಟರ್. ಹಳೆಯ ಇಂಜಿನ್ನಿಗೆ 1000 ಕಿಲೋಮೀಟರಿಗೆ ಒಂದು ಲೀಟರ್ ಎಂಬುದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳಬಹುದಾದ ಮೇಲ್ಮಿತಿ ಎನ್ನುತ್ತಾರೆ. ಇದು ಅದರ ಎರಡೂವರೆ ಪಟ್ಟು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಹೊಡೆತದ, ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಒಂದು ಕಿಲೋಮೀಟರ್ ಎಂದರೆ ಒಂದು ನಿಮಿಷ, ಅಂದರೆ 5000 ಸಿಡಿತ. 400 ಕಿಲೋಮೀಟರಿಗೆ 20 ಲಕ್ಷ ಸಿಡಿತ. ಒಂದು ಲೀಟರಿನಲ್ಲಿ ಸುಮಾರು 20 ಸಾವಿರ ಹನಿ. ಭಾಗಿಸಿದರೆ ನೂರು ಸಿಡಿತಕ್ಕೆ ಒಂದೇ ಒಂದು ಹನಿ! ನಮಗೆ ದೊಡ್ಡ ಕಾಯಿಲೆಯಾಗಿ ಕಾಣುವುದು ಇಂಜಿನ್ನಿನ ಒಳಗೆ ಎಷ್ಟು ಸಣ್ಣ ಸಂದಿನ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಹೊಗೆ ಯಾವಾಗ ಬರುತ್ತದೆ?

ಹೊಗೆಯ ಬಣ್ಣ ಎಲ್ಲರಿಗೂ ಗೊತ್ತಿರುವ ಪಾಠ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ನಿಲ್ಲದೆ ಬರುವ ಬಿಳಿ ಹೊಗೆ ಎಂದರೆ ನೀರು ಒಳಗೆ ಹೋಗುತ್ತಿದೆ. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಆವಿಗೆ ಹೆದರಬೇಕಿಲ್ಲ. ನೀಲಿ ಹೊಗೆ ಎಂದರೆ ಎಣ್ಣೆ. ಆದರೆ ಬಣ್ಣ ಇಷ್ಟನ್ನೇ ಹೇಳುತ್ತದೆ. ಕಳ್ಳನ ದಾರಿ ಹೇಳುವುದು ಹೊಗೆ ಬರುವ ಸಮಯ.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬುರೇಟರಿನ ಬಾಗಿಲು ಮುಚ್ಚುತ್ತದೆ. ಪಿಸ್ಟನ್ನುಗಳು ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ. ಆಗ ಒಳದಾರಿಯಲ್ಲಿ ಒತ್ತಡ ಹೊರಗಿನ ವಾಯುಭಾರದ ಮೂರನೇ ಒಂದು ಭಾಗಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಸವೆದ ಗೈಡು, ಒಣಗಿದ ಸೀಲು ಇದ್ದರೆ ಆ ಎಳೆತಕ್ಕೆ ಮೇಲಿನ ಎಣ್ಣೆ ಒಳಕ್ಕೆ ಜಾರಿ ಸೇರುತ್ತದೆ. ಮತ್ತೆ ಆಕ್ಸಿಲರೇಟರ್ ತುಳಿದ ಕ್ಷಣ ಅದೆಲ್ಲ ಒಟ್ಟಿಗೆ ಉರಿದು ನೀಲಿ ಮೋಡ ಏಳುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಬಿಟ್ಟು ಒಂದೆರಡು ನಿಮಿಷದಲ್ಲಿ ಸುಮ್ಮನಾದರೆ ಅದೂ ವಾಲ್ವಿನ ಕಡೆಯ ಸೂಚನೆ.

ರಿಂಗು, ಬೋರು ಸವೆದ ಇಂಜಿನ್ನಿನ ನಡತೆ ಬೇರೆ. ಅದು ಭಾರ ಹೊತ್ತಾಗ, ಏರು ಹತ್ತುವಾಗ, ಹೊಗೆ ಉಗುಳುತ್ತಲೇ ಹೋಗುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಉಸಿರು ಬಿಟ್ಟಂತೆ ಹೊಗೆ ಬರುತ್ತದೆ.

ಈ ಕಡೆಯಿಂದ ತಿರುಪತಿಗೆ ಕಾರಿನಲ್ಲಿ ಹೋಗುವವರು ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು ಚಿತ್ತೂರಿನ ದಾರಿ ಹಿಡಿಯುತ್ತಾರೆ. ಹಿಂದಿನ ಪ್ರವಾಸದಲ್ಲಿ ಏನಾಯಿತೆಂದು ಕೇಳಿದೆ. ಹುಡುಗಿಯ ಅಮ್ಮ ಒಡನೆ ಹೇಳಿದರು: “ಘಾಟ್ ಇಳಿಯೋವರೆಗೂ ಏನೂ ಇರಲಿಲ್ಲ ಸಾರ್. ಇಳಿದು ಇವರು ಸ್ಪೀಡ್ ಮಾಡಿದ ತಕ್ಷಣ ಹಿಂದೆ ಬರ್ತಿದ್ದ ಬಸ್ಸೇ ಕಾಣಿಸಲಿಲ್ಲ, ಅಷ್ಟು ಹೊಗೆ.” ವಾಪಸು ಬರುವಾಗ ಘಾಟ್ ಹತ್ತಿದಾಗ? “ಆಗ ಇರಲಿಲ್ಲ.”

ಗ್ಯಾರೇಜಿನವರು ಕೇಳಬೇಕಾಗಿದ್ದ ಪ್ರಶ್ನೆ ಇದು. ಇಳಿಜಾರಿನ ಕೊನೆಗೆ ಹೊಗೆ ಇದೆ, ಏರಿನಲ್ಲಿ ಇಲ್ಲ. ಸಂಶಯದ ಬೆರಳು ರಿಂಗಿನಿಂದ ವಾಲ್ವಿನ ಕಡೆಗೆ ತಿರುಗಿತು. ಸಂಶಯ ಮಾತ್ರ, ತೀರ್ಪು ಇನ್ನೂ ದೂರವಿತ್ತು.

ಗಾಳಿಯ ಜೊತೆಗೆ ಬರುವ ಶತ್ರು

ಆ ಭಾನುವಾರ ನಾವು ಮೊದಲು ಬಿಚ್ಚಿದ್ದು ಏರ್ ಕ್ಲೀನರನ್ನು. ಒಳಗೆ ಎಣ್ಣೆ ಮೆತ್ತಿಕೊಂಡಿತ್ತು. ಅಲ್ಲಿ ಎಣ್ಣೆ ಬರಲು ಎರಡು ಕಾರಣ ಸಾಧ್ಯ. ಹಳೆಯ ಗಾಡಿಗಳಲ್ಲಿ ಧೂಳು ಹಿಡಿಯಲು ಎಣ್ಣೆಯ ತೊಟ್ಟಿ ಇರುವ ಏರ್ ಕ್ಲೀನರ್ ಬಳಸುತ್ತಿದ್ದರು. ಆ ತೊಟ್ಟಿಗೆ ಹೆಚ್ಚು ಎಣ್ಣೆ ಹಾಕಿದರೆ ಇಂಜಿನ್ ಅದನ್ನೇ ಎಳೆದು ಕುಡಿಯುತ್ತದೆ. ಈ ಕಾರಿನದು ಕಾಗದದ ಫಿಲ್ಟರಿಗೆ ಬದಲಾಗಿತ್ತು, ಆದ್ದರಿಂದ ಆ ಕಾರಣ ಬಿದ್ದುಹೋಯಿತು. ಉಳಿದದ್ದು ಬ್ರೀದರ್. ಇಂಜಿನ್ನಿನ ಪಕ್ಕದ ಮುಚ್ಚಳದಿಂದ ಕೆಳಕ್ಕೆ ಇಳಿಯುವ ಕೊಳವೆಯಲ್ಲಿ ಹುಡುಗಿ ತಂತಿ ಹಾಕಿ ನೋಡಿದಳು. ತಂತಿ ಗೇಣುದ್ದ ಹೋಗಿ ನಿಂತಿತು. ಒಳಗೆ ಡಾಂಬರಿನಂಥ ಮಡ್ಡಿ ಗಟ್ಟಿಯಾಗಿ ಕುಳಿತಿತ್ತು. ಆ ದಾರಿ ಮುಚ್ಚಿದ್ದರಿಂದ ಹೊಟ್ಟೆಯ ಅನಿಲವೆಲ್ಲ ಟ್ಯಾಪೆಟ್ ಕವರಿನ ಕೊಳವೆಯಿಂದ ಎಣ್ಣೆಯ ಮಂಜನ್ನು ಹೊತ್ತು ಏರ್ ಕ್ಲೀನರಿಗೆ ಬರುತ್ತಿತ್ತು. ಒಂದು ಕಳ್ಳದಾರಿ ಸಿಕ್ಕಿತು.

ಫಿಲ್ಟರಿನ ಕಾಗದ ಒಂದು ಕಡೆ ಹರಿದಿರುವುದೂ ಕಂಡಿತು. ಕೆ.ಜಿ.ಎಫ್. ಸುತ್ತಮುತ್ತ ಓಡಾಡುವ ಗಾಡಿಗಳಿಗೆ ಇದು ಬೇರೆಡೆಗಿಂತ ದೊಡ್ಡ ವಿಷಯ. 1880ರಿಂದ ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿ ಬೆಣಚುಕಲ್ಲನ್ನು ಅಗೆದು, ಹಿಟ್ಟಿನಂತೆ ಅರೆದು ಚಿನ್ನ ತೆಗೆದವು. ಚಿನ್ನ ಹೋಯಿತು, ಹಿಟ್ಟು ಉಳಿಯಿತು. ಊರಿನವರು ಸಯನೈಡ್ ದಿಬ್ಬ ಎನ್ನುವ ಬೂದುಬಣ್ಣದ ಗುಡ್ಡಗಳೆಲ್ಲ ಅದೇ, ಕೋಟಿಗಟ್ಟಲೆ ಟನ್ನು. ಗಾಳಿ ಎದ್ದಾಗ ಆ ಧೂಳು ಮನೆಯ ಪಾತ್ರೆಗಳ ಮೇಲೂ ಕೂರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ. ಅದು ಚಾಕುವಿನ ಉಕ್ಕನ್ನೂ ಗೀರುತ್ತದೆ. ಹರಿದ ಫಿಲ್ಟರಿನಿಂದ ಅದು ಒಳಗೆ ಹೋದರೆ ರಿಂಗು ಮತ್ತು ಬೋರಿನ ನಡುವೆ ಸಾಣೆಪುಡಿಯ ಕೆಲಸ ಮಾಡುತ್ತದೆ. ಫಿಲ್ಟರಿನ ಬೆಲೆ ಉಳಿಸಲು ಹೋಗಿ ಬೋರಿನ ಬೆಲೆ ತೆರುವುದು ಹೀಗೆ.

ಮಾಪಕ ಹೇಳಿದ ಸತ್ಯ

ಇನ್ನು ಉಳಿದದ್ದು ರಿಂಗು ಮತ್ತು ವಾಲ್ವುಗಳ ನಡುವಿನ ತೀರ್ಮಾನ. ಪ್ಲಗ್ಗುಗಳನ್ನು ಬಿಚ್ಚಿ ಕ್ರಮವಾಗಿ ಜೋಡಿಸಿದೆವು. ಆರೋಗ್ಯವಂತ ಪ್ಲಗ್ಗಿನ ಮೂತಿ ತಿಳಿಕಂದು ಬಣ್ಣದ್ದು. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒದ್ದೆಯಾದ ಜಿಡ್ಡು ಮಸಿ ಇದ್ದರೆ ಎಣ್ಣೆ. ನಾಲ್ಕರಲ್ಲೂ ಸ್ವಲ್ಪ ಜಿಡ್ಡು ಇತ್ತು, ನಾಲ್ಕನೆಯದರಲ್ಲಿ ಹೆಚ್ಚು.

ಆಮೇಲೆ ಕಂಪ್ರೆಶನ್ ಪರೀಕ್ಷೆ. ಬಂಗಾರಪೇಟೆಯಲ್ಲೇ ಹಿಂದೆ ಅಜ್ಜನ ಕಾರು ನೋಡುತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಅವರು ತಮ್ಮ ಮಾಪಕ ತಂದು ಜೊತೆಗೆ ಕುಳಿತರು. ಇಂಜಿನ್ ಬಿಸಿ ಮಾಡಿ, ಪ್ಲಗ್ಗು ನಾಲ್ಕನ್ನೂ ತೆಗೆದು, ಕಾಯಿಲಿನ ವೈರು ಬಿಡಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು, ಒಂದೊಂದು ಸಿಲಿಂಡರಿಗೂ ಮಾಪಕ ಹಿಡಿದು ಐದಾರು ಸಲ ಸ್ಟಾರ್ಟರ್ ತಿರುಗಿಸಬೇಕು. ಹುಡುಗಿ ಬರೆದುಕೊಂಡ ಅಂಕಿಗಳು, ಚದರ ಇಂಚಿಗೆ ಪೌಂಡುಗಳಲ್ಲಿ: 118, 116, 120, 104.

“ಕಮ್ಮಿ ಅಲ್ವಾ ಅಣ್ಣಾ?” ಎಂದು ಅವಳು ಕೇಳಿದಳು. ಪುಸ್ತಕದಲ್ಲಿ ಅವಳು ನೋಡಿದ್ದ ಅಂಕಿ ಇದಕ್ಕಿಂತ ಹೆಚ್ಚಿತ್ತು. ಇಲ್ಲಿ ಭೂಗೋಳ ಅಡ್ಡ ಬರುತ್ತದೆ. ಬಂಗಾರಪೇಟೆ, ಕೆ.ಜಿ.ಎಫ್. ಎರಡೂ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿವೆ. ಇಲ್ಲಿನ ವಾಯುಭಾರ ಕಡಲತೀರದ್ದಕ್ಕಿಂತ ಹತ್ತಿರಹತ್ತಿರ ಶೇಕಡಾ 10ರಷ್ಟು ಕಡಿಮೆ. ಒಳಗೆ ಹೋಗುವ ಗಾಳಿಯೇ ತೆಳುವಾದರೆ ಒತ್ತಿದಾಗ ಬರುವ ಒತ್ತಡವೂ ಅಷ್ಟೇ ಕಡಿಮೆ. ಕಡಲ ಮಟ್ಟದ ಅಂಕಿಯನ್ನು ಹಿಡಿದು ಇಲ್ಲಿನ ಇಂಜಿನ್ನಿಗೆ ಮರಣಶಾಸನ ಬರೆಯಬಾರದು. ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿಳಿಯಬಾರದು ಎಂಬುದು ಹಲವು ಕೈಪಿಡಿಗಳು ಹೇಳುವ ಅಳತೆ. ಇಲ್ಲಿ 120ರ ಮುಕ್ಕಾಲು 90. ನಾಲ್ಕನೆಯದು 104, ಅಂದರೆ ದಾಟಿದೆ.

ಮುಂದಿನದು ಜಾಣತನದ ಹೆಜ್ಜೆ. ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಎಣ್ಣೆ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಆದರೆ ವಾಲ್ವಿನ ಸಂದನ್ನು ಮುಚ್ಚಲಾರದು. ಅಂಕಿ ಬಹಳ ಏರಿದರೆ ಒತ್ತಡ ಸೋರುತ್ತಿದ್ದುದು ರಿಂಗಿನಲ್ಲಿ. ಏರದಿದ್ದರೆ ವಾಲ್ವಿನ ಕೂರುವಿಕೆಯಲ್ಲಿ. ಎರಡನೆಯ ಸಲದ ಅಂಕಿಗಳು: 125, 124, 127, 122. ಹಾಕಿದ ಎಣ್ಣೆಯೇ ಒಂದಿಷ್ಟು ಜಾಗ ತುಂಬಿಕೊಳ್ಳುವುದರಿಂದ ಎಲ್ಲ ಸಿಲಿಂಡರುಗಳಲ್ಲೂ ಸ್ವಲ್ಪ ಏರಿಕೆ ಸಹಜ. ಮೊದಲ ಮೂರರಲ್ಲಿ ಏಳೆಂಟು ಪೌಂಡು ಏರಿತು. ನಾಲ್ಕನೆಯದರಲ್ಲಿ ಹದಿನೆಂಟು. ಅಂದರೆ ನಾಲ್ಕನೆಯ ಸಿಲಿಂಡರಿನ ರಿಂಗು ಸವೆಯತೊಡಗಿದೆ, ಉಳಿದ ಮೂರು ಚೆನ್ನಾಗಿವೆ.

ಆದರೆ ಈ ಪರೀಕ್ಷೆಯ ಮಿತಿಯನ್ನೂ ತಿಳಿದಿರಬೇಕು. ಮೇಲಿನ ರಿಂಗುಗಳು ಚೆನ್ನಾಗಿದ್ದು, ಎಣ್ಣೆ ಕೆರೆಯುವ ರಿಂಗು ಮಾತ್ರ ಮಸಿ ಕಟ್ಟಿ ಅಂಟಿಕೊಂಡಿದ್ದರೆ ಕಂಪ್ರೆಶನ್ ಸರಿಯಾಗಿಯೇ ಬರುತ್ತದೆ, ಎಣ್ಣೆಯೂ ಉರಿಯುತ್ತದೆ. ಬಹುಕಾಲ ಓಡಿಸದೆ ನಿಲ್ಲಿಸಿದ ಕಾರುಗಳಲ್ಲಿ ಇದು ಹೆಚ್ಚು. ವಾಲ್ವ್ ಗೈಡಿನ ಸವೆತವೂ ಈ ಮಾಪಕದಲ್ಲಿ ಕಾಣುವುದಿಲ್ಲ. ಆದ್ದರಿಂದಲೇ ಒಂದು ಪರೀಕ್ಷೆಯನ್ನು ನಂಬಿ ತೀರ್ಪು ಕೊಡಬಾರದು. ಘಾಟ್ ರಸ್ತೆಯ ಸಾಕ್ಷಿ, ಪ್ಲಗ್ಗಿನ ಸಾಕ್ಷಿ, ಬ್ರೀದರಿನ ಸಾಕ್ಷಿ, ಮಾಪಕದ ಸಾಕ್ಷಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕು. ಎಲ್ಲ ಸೇರಿ ಹೇಳಿದ್ದು ಇಷ್ಟು: ಮುಖ್ಯ ಅಪರಾಧಿ ವಾಲ್ವಿನ ಸೀಲು, ಸಹಾಯಕ ಬ್ರೀದರ್, ಸಣ್ಣ ಪಾಲು ನಾಲ್ಕನೆಯ ರಿಂಗಿನದು. ಬೋರ್ ಮಾಡಿಸುವ ತುರ್ತು ಇಲ್ಲ.

ಹಗ್ಗದ ಉಪಾಯ

ಸೀಲು ಬದಲಿಸುವ ಕೆಲಸವನ್ನು ಮೇಸ್ತ್ರಿ ಮುಂದಿನ ವಾರ ಮಾಡಿದರು. ವಾಲ್ವಿನ ಸ್ಪ್ರಿಂಗು ಬಿಚ್ಚಿದರೆ ವಾಲ್ವು ಸಿಲಿಂಡರಿನೊಳಗೆ ಬಿದ್ದುಬಿಡುತ್ತದೆ. ಅದನ್ನು ತಡೆಯಲು ಅವರು ಮಾಡಿದ ಉಪಾಯ ಹಳೆಯದು. ಪ್ಲಗ್ಗಿನ ತೂತಿನಿಂದ ಮೆತ್ತನೆಯ ನೈಲಾನ್ ಹಗ್ಗವನ್ನು ಒಳಗೆ ತುಂಬಿಸಿ, ತುದಿಯನ್ನು ಹೊರಗೆ ಬಿಟ್ಟು, ಹ್ಯಾಂಡಲಿನಿಂದ ಇಂಜಿನ್ ತಿರುಗಿಸಿ ಪಿಸ್ಟನ್ನನ್ನು ಮೇಲೇರಿಸಿದರು. ಹಗ್ಗ ವಾಲ್ವುಗಳನ್ನು ಕೆಳಗಿನಿಂದ ಒತ್ತಿ ಹಿಡಿಯಿತು. ಸ್ಪ್ರಿಂಗು ಒತ್ತಿ, ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಬಳೆಗಳನ್ನು ತೆಗೆದು ಹೊಸದನ್ನು ತೊಡಿಸಿದರು. ಕಾಂಡಗಳನ್ನು ಅಲುಗಿಸಿ ನೋಡಿ ಗೈಡುಗಳು ಇನ್ನೂ ಗಟ್ಟಿಯಾಗಿವೆ ಎಂದರು.

ಇಲ್ಲೊಂದು ಎಚ್ಚರಿಕೆ. ಈ ಇಂಜಿನ್ನಿನಲ್ಲಿ ರಾಕರುಗಳನ್ನು ಹಿಡಿದಿರುವ ಎಂಟು ನಟ್ಟುಗಳಲ್ಲಿ ನಾಲ್ಕು ಸಿಲಿಂಡರ್ ಹೆಡ್ಡಿನ ನಟ್ಟುಗಳೂ ಹೌದು. ಅವಸರದಲ್ಲಿ ಅವನ್ನಷ್ಟೇ ಸಡಿಲಿಸಿದರೆ ಹೆಡ್ಡು ಒಂದು ಪಕ್ಕಕ್ಕೆ ಎಳೆದು ನೀರು ಒಳಗೆ ಇಳಿಯುವ ಅಪಾಯವಿದೆ. ಮೊದಲು ರೇಡಿಯೇಟರಿನ ನೀರು ಬಸಿದು, ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಪರೀಕ್ಷೆಗಳನ್ನು ವಿದ್ಯಾರ್ಥಿ ಮಾಡಬಹುದು. ಆದರೆ ಈ ಹಂತಕ್ಕೆ ಅನುಭವಿ ಕೈ ಬೇಕೇ ಬೇಕು. ಇಂಜಿನ್ ಓಡುವಾಗ ಫ್ಯಾನಿನ ಹತ್ತಿರ ದುಪಟ್ಟಾ, ಸಡಿಲ ತೋಳು ಸುಳಿಯದಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ.

ಬೋರ್ ಯಾವಾಗ ಬೇಕು?

ಗ್ಯಾರೇಜಿನವರೆಲ್ಲ ಸುಳ್ಳು ಹೇಳುತ್ತಾರೆಂದು ಯಾರೂ ತಿಳಿಯಬಾರದು. ಏರಿನಲ್ಲಿ ಬಿಡದೆ ಹೊಗೆ, ಮುಚ್ಚಳದಿಂದ ಬುಸುಗುಡುವ ಅನಿಲ, ಎಲ್ಲ ಸಿಲಿಂಡರಿನಲ್ಲೂ ಕಡಿಮೆ ಒತ್ತಡ ಮತ್ತು ಚಮಚ ಎಣ್ಣೆ ಹಾಕಿದೊಡನೆ ದೊಡ್ಡ ಏರಿಕೆ, ಇವು ನಾಲ್ಕೂ ಸೇರಿ ಬಂದರೆ ಅವರು ಹೇಳಿದ್ದೇ ಸರಿ. ಆಗ ಇಂಜಿನ್ ಬಿಚ್ಚಿ, ಬೋರನ್ನು ಅಳೆದು, ಸವೆತ ಹೆಚ್ಚಿದ್ದರೆ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ನು ಹಾಕಿಸಲೇಬೇಕು. ನಾನು ಹೇಳುವುದು ಇಷ್ಟೇ: ಇಂಜಿನ್ ಇಳಿಸಿ ಎನ್ನುವವರನ್ನು, “ಯಾವ ಪರೀಕ್ಷೆ ಮಾಡಿದಿರಿ, ಅಂಕಿ ಎಷ್ಟು ಬಂತು?” ಎಂದು ಕೇಳಿ. ಒಳ್ಳೆಯ ಮೇಸ್ತ್ರಿ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಹಳೆಯ ಕಾರು ಕೊಳ್ಳುವ ತಂದೆತಾಯಿಗಳಿಗೂ ಒಂದು ಮಾತು. ಹೊಗೆ ನಿಲ್ಲಿಸುವ ಮಂದ ದ್ರವವೋ ಗಟ್ಟಿ ಎಣ್ಣೆಯೋ ಹಾಕಿದರೆ ಕೆಲವು ದಿನ ಹೊಗೆ ಮರೆಯಾಗುತ್ತದೆ, ರೋಗ ಹೋಗುವುದಿಲ್ಲ. ಕಾರು ನೋಡಲು ಹೋದಾಗ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಚಾಲೂ ಮಾಡಿಸಿ. ಹತ್ತು ನಿಮಿಷ ಓಡಿಸಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಕೆಳಗೆ ಬಂದ ಮೇಲೆ ತುಳಿದು, ಹಿಂದಕ್ಕೆ ನೋಡಿ.

ಗಣಿಯ ಆಳದ ಪಾಠ

ಹುಡುಗಿಯ ಮನೆಯಿಂದ ಹೊರಡುವಾಗ ಅವಳಿಗೆ ಅವಳ ಅಜ್ಜನ ಗಣಿಯ ಒಂದು ಸಂಗತಿ ಹೇಳಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆಗೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರಿದ್ದರು. ನ್ಯೂಟ್ರಿನೊ ಕಣ್ಣಿಗೆ ಕಾಣುವುದಿಲ್ಲ, ಸುಲಭವಾಗಿ ಯಾವುದಕ್ಕೂ ತಾಗುವುದೂ ಇಲ್ಲ. ಹಾಗಾದರೆ ಅಷ್ಟು ಆಳಕ್ಕೆ ಹೋದದ್ದೇಕೆ? ಮೇಲಿನಿಂದ ಸುರಿಯುವ ಬೇರೆ ಕಣಗಳನ್ನು ಆ ಬಂಡೆಯ ರಾಶಿ ತಡೆದುಬಿಡುತ್ತದೆ. ಅಲ್ಲಿಯೂ ಪಕ್ಕದಿಂದ ಒಂದು ಕಣ ಹಾದುಬಂದರೆ ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊ ಎಂದೇ ತೀರ್ಮಾನಿಸಬೇಕು, ಬೇರೆ ವಿವರಣೆ ಉಳಿಯುವುದಿಲ್ಲ. ಉಳಿದ ಸಾಧ್ಯತೆಗಳನ್ನು ಒಂದೊಂದಾಗಿ ಕಳೆದು, ಕೊನೆಗೆ ಉಳಿದದ್ದನ್ನು ಹಿಡಿಯುವ ಕ್ರಮ ಅದು. ಕಾರಿನ ಕೆಳಗೆ ದಿನಪತ್ರಿಕೆ ಹಾಸಿ ಸೋರಿಕೆಯನ್ನು ಲೆಕ್ಕದಿಂದ ಕಳೆದಾಗ ಅವಳು ಮಾಡಿದ್ದೂ ಅದನ್ನೇ. ಅಳತೆ ಬೇರೆ, ವಿಧಾನ ಒಂದೇ.

ಈಚೆಗೆ ಅವಳ ಎರಡನೆಯ ಕಾಗದ ಬಂದಿದೆ. ಹೊಸ ಫಿಲ್ಟರು ಹಾಕಿಸಿದ್ದಾರೆ, ಬ್ರೀದರ್ ಸ್ವಚ್ಛವಾಗಿದೆ, ಡಿಪ್‌ಸ್ಟಿಕ್ಕಿನ ಗೆರೆ ದಾಟಿ ಎಣ್ಣೆ ಹಾಕದಂತೆ ಅಪ್ಪನಿಂದ ಮಾತು ತೆಗೆದುಕೊಂಡಿದ್ದಾಳೆ. ಈಗ ಒಂದು ಲೀಟರ್ ಎಣ್ಣೆ 1100 ಕಿಲೋಮೀಟರಿಗೆ ಬರುತ್ತಿದೆ. ನಾಲ್ಕನೆಯ ರಿಂಗು ಇನ್ನೂ ತನ್ನ ಪಾಲು ಕುಡಿಯುತ್ತಿದೆ, ಅದಕ್ಕೊಂದು ದಿನ ಬೋರ್ ಮಾಡಿಸಬೇಕಾದೀತು. ಆ ದಿನ ಯಾವಾಗ ಬಂತೆಂದು ನೋಟ್‌ಬುಕ್ಕೇ ಹೇಳುತ್ತದೆ.

ಫೀಸು ಕಟ್ಟಿಯಾಯಿತು. ಗುಜರಿಯವನಿಗೆ ಅಪ್ಪ ಬೇಡವೆಂದು ಹೇಳಿ ಕಳಿಸಿದರು. ಮೊನ್ನೆ ಆ ಗ್ಯಾರೇಜಿನವರೇ ಇನ್ನೊಂದು ಹಳೆಯ ಕಾರಿನ ವಿಷಯಕ್ಕೆ, “ನಿಮ್ಮ ಹುಡುಗೀನ ಒಂದು ಸಲ ಕಳಿಸ್ತೀರಾ ಸಾರ್?” ಎಂದು ಕೇಳಿದರಂತೆ. ಪರೀಕ್ಷೆ ಮುಗಿದ ಮೇಲೆ ಹೋಗುತ್ತೇನೆ ಎಂದು ಅವಳು ಬರೆದಿದ್ದಾಳೆ.